ಹಳೆಯ ಕಾರಿನ ಪೂರ್ವಾಪರ ಕೊಳ್ಳುವವನಿಗೂ ಸಿಗಲಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಉಡುಪಿಯಲ್ಲಿ ವಾಹನ ವಿಮೆಯ ಏಜೆಂಟ್. ಹಳೆಯ ಕಾರು ಕೊಂಡವರು ನನ್ನ ಬಳಿ ಬರುವುದು ಎಲ್ಲ ಮುಗಿದ ಮೇಲೆ. ಹಣ ಕೊಟ್ಟಾಗಿರುತ್ತದೆ, ಕಟೀಲಿನಲ್ಲೋ ಆನೆಗುಡ್ಡೆಯಲ್ಲೋ ಪೂಜೆಯಾಗಿರುತ್ತದೆ, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗಿರುತ್ತದೆ. ಮಾರಿದವರ ಸಹಿಯಿರುವ, ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30 ಮಾತ್ರ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಮಡಚಿಕೊಂಡು ಕುಳಿತಿರುತ್ತವೆ. "ಇನ್ಶೂರೆನ್ಸ್ ಒಂದು ನನ್ನ ಹೆಸರಿಗೆ ಮಾಡಿಕೊಡಿ ಮಾರಾಯರೇ" ಎನ್ನುತ್ತಾರೆ. ನಾನು ಹಳೆಯ ಪಾಲಿಸಿ ಕೇಳುತ್ತೇನೆ. ಕಾರಿನ ನಿಜವಾದ ಕಥೆ ಅಲ್ಲಿಂದ ಬಿಚ್ಚಿಕೊಳ್ಳತೊಡಗುತ್ತದೆ.

ಮಾರುವವರು ಸುಳ್ಳು ಹೇಳುತ್ತಾರೆ ಎಂದು ದೂರುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ವ್ಯಾಪಾರದಲ್ಲಿ ಅದು ಮೊದಲಿನಿಂದಲೂ ಇದೆ. ನನ್ನ ತಕರಾರು ಬೇರೆ. ಒಂದು ಕಾರಿನ ಪೂರ್ವಾಪರವೆಲ್ಲ ಎಲ್ಲೋ ಒಂದು ಕಡೆ ಬರೆದೇ ಇದೆ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ನಿಮ್ಮ ಇಲಾಖೆ ಬಳಸುವ ವಾಹನ್ ದತ್ತಾಂಶದಲ್ಲಿದೆ. ಎಲ್ಲಿ ಗುದ್ದಿತು, ಎಷ್ಟು ಕ್ಲೇಮು ಆಯಿತು ಎಂಬುದು ವಿಮಾ ಕಂಪನಿಯಲ್ಲಿದೆ. ಕಳವಿನ ಮಾತು ಪೊಲೀಸರಲ್ಲಿದೆ. ಎಷ್ಟು ಕಿಲೋಮೀಟರು ಓಡಿದಾಗ ಯಾವ ಆಯಿಲ್ ಬದಲಾಯಿತು ಎಂಬುದು ಕೂಡ ಕಂಪನಿಯ ಸರ್ವಿಸ್ ಸೆಂಟರಿನ ಕಂಪ್ಯೂಟರಿನಲ್ಲಿದೆ. ಲಕ್ಷಗಟ್ಟಲೆ ಹಣ ತೆತ್ತು ಅದೇ ಕಾರನ್ನು ಮನೆಗೆ ತರುವವನಿಗೆ ಮಾತ್ರ ದಲ್ಲಾಳಿಯ ಬಾಯಿಮಾತೇ ದಾಖಲೆ. ಆ ಬಾಯಿಮಾತೂ ಹೊಸದೇನಲ್ಲ. ಒಂದೇ ಕೈ, ಡಾಕ್ಟರರ ಗಾಡಿ, ಮಳೆಗಾಲದಲ್ಲಿ ಹೊರಗೇ ತೆಗೆದಿಲ್ಲ. ಮಣಿಪಾಲ ಮತ್ತು ದೇರಳಕಟ್ಟೆಯಂಥ ವೈದ್ಯಕೀಯ ಕಾಲೇಜುಗಳ ಊರುಗಳನ್ನು ಇಟ್ಟುಕೊಂಡಿರುವ ನಮಗೆ ಡಾಕ್ಟರರ ಕೊರತೆಯಿಲ್ಲ, ನಿಜ. ಆದರೂ ಮಾರಾಟಕ್ಕೆ ನಿಂತ ಕಾರುಗಳನ್ನೆಲ್ಲ ಅವರೇ ಓಡಿಸಿದ್ದರೆ ರೋಗಿಗಳನ್ನು ನೋಡಿದವರು ಯಾರು ಎಂದು ನನಗೆ ಅನ್ನಿಸುವುದುಂಟು.

ವಿಮೆಯವನಾದ ನನಗೆ ಕಾಣುವ ಒಂದು ಸಣ್ಣ ಸುಳಿವಿನಿಂದ ಶುರು ಮಾಡುತ್ತೇನೆ. ಕ್ಲೇಮು ಇಲ್ಲದೆ ವರ್ಷ ಕಳೆದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ ಸಿಗುತ್ತದೆ. ಅದು ಏರುತ್ತಾ ಐದು ವರ್ಷಕ್ಕೆ ಶೇ. 50 ಆಗುತ್ತದೆ. ಇದೇ ನೋ ಕ್ಲೇಮ್ ಬೋನಸ್. ಆರು ವರ್ಷ ಹಳೆಯ ಕಾರು, ಒಬ್ಬರೇ ಮಾಲೀಕರು, ಗೀರು ಕೂಡ ಬಿದ್ದಿಲ್ಲ ಎಂದು ಮಾರಿದ್ದಾರೆ ಎನ್ನಿ. ಕೊನೆಯ ಪಾಲಿಸಿಯಲ್ಲಿ ಬೋನಸ್ಸು ಸೊನ್ನೆ ಎಂದಿದ್ದರೆ ಒಂದೋ ಕ್ಲೇಮಾಗಿದೆ, ಇಲ್ಲವೇ ಪಾಲಿಸಿ 90 ದಿನಕ್ಕೂ ಹೆಚ್ಚು ಕಾಲ ನಿಂತುಹೋಗಿತ್ತು, ಅಥವಾ ಕಾರು ನಡುವೆ ಕೈ ಬದಲಾಗಿದೆ. ಈ ಬೋನಸ್ಸು ಮಾಲೀಕನಿಗೆ ಸೇರಿದ್ದು, ಕಾರಿಗಲ್ಲ. ಹಾಗಾಗಿ ಕೈ ಬದಲಾದರೆ ಎಣಿಕೆ ಮೊದಲಿನಿಂದ. ಮೂರರಲ್ಲಿ ಯಾವುದಾದರೂ ಸರಿ, ಮಾರುವವರು ಹೇಳದೆ ಬಿಟ್ಟದ್ದು ಏನೋ ಇದೆ. ಕಾರು ನೋಡಲು ಹೋದಾಗ ಹಳೆಯ ಪಾಲಿಸಿಯ ಈ ಒಂದು ಸಾಲನ್ನು ಯಾರೂ ಓದುವುದಿಲ್ಲ. ಬಾನೆಟ್ ಎತ್ತಿ ಎಂಜಿನ್ನಿನ ಸದ್ದು ಕೇಳುತ್ತಾರೆ.

ಗಂಗೊಳ್ಳಿ ಕಡೆಯ ಒಬ್ಬ ತಾಂಡೇಲರು (ಮೀನುಗಾರಿಕೆ ಬೋಟು ನಡೆಸುವವರು) ಹಾಗೆಯೇ ಸದ್ದು ಕೇಳಿ ಕೊಂಡರು. ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ಬೋಟು ದಡದಲ್ಲಿರುತ್ತದೆ, ಕೈಯಲ್ಲಿ ಸ್ವಲ್ಪ ಸಮಯ, ಕಳೆದ ಹಂಗಾಮಿನ ಸ್ವಲ್ಪ ಹಣ. ಬೆಂಗಳೂರು ನೋಂದಣಿಯ ಕಾರು, ಹೊಳೆಯುವ ಬಣ್ಣ, ಹೊಸ ಸೀಟ್ ಕವರ್. ಪಾಲಿಸಿಗಳ ನಡುವೆ ಹಲವು ತಿಂಗಳ ಖಾಲಿ ಕಂಡಿದ್ದರಿಂದ ನಾನು ಹಿಂದೆ ಬಿದ್ದು ವಿಚಾರಿಸಿದೆ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿದವಲ್ಲ, ಆಗ ಈ ಕಾರೂ ಮುಳುಗಿತ್ತು. ದುರಸ್ತಿಯ ಖರ್ಚು ವಿಮೆ ಮಾಡಿದ ಮೌಲ್ಯದ ಶೇ. 75 ದಾಟಿದರೆ ಟೋಟಲ್ ಲಾಸ್ ಎಂದು ಲೆಕ್ಕ. ಕಂಪನಿ ಆಗಲೇ ಹಣ ಕೊಟ್ಟು ಕಡತ ಮುಚ್ಚಿತ್ತು. ಕಾರು ಹರಾಜಿನಲ್ಲಿ ಗುಜರಿಯ ಬೆಲೆಗೆ ಹೋಗಿ, ಯಾವುದೋ ಗ್ಯಾರೇಜಿನಲ್ಲಿ ಒಣಗಿ, ಪುಟ್ಟಿ ಬಣ್ಣ ಬಳಿಸಿಕೊಂಡು ಘಾಟಿ ಇಳಿದಿತ್ತು. ಅದರ ಆರ್‌ಸಿ, ಅಂದರೆ ನೋಂದಣಿ ಪತ್ರ, ಮಾತ್ರ ಗುಂಡುಕಲ್ಲಿನಂತೆ ಗಟ್ಟಿಯಾಗಿತ್ತು.

ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ನಿಮಗೆ ನಾನು ಹೇಳಬೇಕಾಗಿಲ್ಲ. ವಾಹನ ನಾಶವಾದರೆ ಅಥವಾ ಮತ್ತೆ ಬಳಸಲಾಗದಷ್ಟು ಕೆಟ್ಟರೆ ಮಾಲೀಕ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು, ನೋಂದಣಿ ರದ್ದಾಗಬೇಕು. ಪರಿಹಾರ ಕೈಗೆ ಬಂದ ಮೇಲೆ ಯಾವ ಮಾಲೀಕ ನಿಮ್ಮ ಕಚೇರಿಯ ಮೆಟ್ಟಿಲು ಹತ್ತುತ್ತಾನೆ? ದುರಸ್ತಿಯಾದ ಕಾರು ರಸ್ತೆಗೆ ಬರಲೇಬಾರದು ಎಂದೂ ನಾನು ಹೇಳುವುದಿಲ್ಲ. ಕೆಲವು ಚೆನ್ನಾಗಿಯೇ ಓಡುತ್ತವೆ. ಕೊಳ್ಳುವವನಿಗೆ ಅದು ತಿಳಿದಿರಬೇಕು, ಬೆಲೆ ಅದಕ್ಕೆ ತಕ್ಕಂತೆ ಇರಬೇಕು ಎಂಬುದಷ್ಟೇ ನನ್ನ ಮಾತು. ನೀರು ಕುಡಿದ ಕಾರಿನ ವೈರಿಂಗು ಎರಡು ಮಳೆಗಾಲ ಸುಮ್ಮನಿದ್ದು ಮೂರನೆಯದರಲ್ಲಿ ಕೈಕೊಡುತ್ತದೆ. ಅಷ್ಟರಲ್ಲಿ ಮಾರಿದವರ ಫೋನ್ ನಂಬರ್ ಬದಲಾಗಿರುತ್ತದೆ.

ನಮ್ಮೂರಿನಲ್ಲಿ ಇದನ್ನು ಕಣ್ಣಿನಿಂದ ಕಂಡುಹಿಡಿಯುವುದು ಘಟ್ಟದ ಮೇಲಿನವರಿಗಿಂತ ಕಷ್ಟ. ತುಕ್ಕು ಕಂಡರೆ ನೆರೆಯ ಕಾರು ಎನ್ನಲು ಆಗುವುದಿಲ್ಲ. ಮಲ್ಪೆಯಲ್ಲೋ ಉಳ್ಳಾಲದಲ್ಲೋ ಮನೆ ಇದ್ದರೆ ಅಂಗಳದಲ್ಲಿ ನಿಂತ ಕಾರಿಗೂ ತುಕ್ಕು ಬರುತ್ತದೆ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋದರೆ ಉಪ್ಪುನೀರಿನ ಅಭಿಷೇಕವೇ ಆಗುತ್ತದೆ. ಆದರೆ ಉಪ್ಪುಗಾಳಿಯ ತುಕ್ಕು ಸಾಮಾನ್ಯವಾಗಿ ಹೊರಗಿನಿಂದ, ಕೆಳಗಿನಿಂದ ಹಿಡಿಯುತ್ತದೆ. ಸೀಟಿನ ಹಳಿಯಲ್ಲಿ, ಡ್ಯಾಶ್‌ಬೋರ್ಡಿನ ಒಳಗಿನ ಕಬ್ಬಿಣದಲ್ಲಿ ತುಕ್ಕಿದ್ದು, ಮ್ಯಾಟಿನ ಕೆಳಗೆ ನುಣ್ಣನೆಯ ಕೆಸರಿನ ಹುಡಿ ಇದ್ದರೆ ಅನುಮಾನ ಪಡಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ನೀರಿನ ಗೆರೆ ಕೆಲವೊಮ್ಮೆ ಅಲ್ಲಿಯೇ ಸಿಗುತ್ತದೆ. ನಮ್ಮ ಗ್ಯಾರೇಜಿನ ಮೇಸ್ತ್ರಿಗಳಿಗೆ ಇವೆಲ್ಲ ಗೊತ್ತು. ಟಿಂಕರಿಂಗ್ ಆದ ಬಾಗಿಲನ್ನು ಅವರು ಬೆರಳಿನಿಂದ ತಟ್ಟಿಯೇ ಹೇಳುತ್ತಾರೆ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಕೆಲವು ಸೆಕೆಂಡು ಹೊತ್ತಿ ಆರಬೇಕು, ಹೊತ್ತದೇ ಇದ್ದರೆ ಏರ್‌ಬ್ಯಾಗೇ ಇಲ್ಲದಿರಬಹುದು ಎಂದೂ ಎಚ್ಚರಿಸುತ್ತಾರೆ. ಆದರೆ ಮೇಸ್ತ್ರಿಗೆ ವಿಮಾ ಕಂಪನಿಯ ಕಡತ ಕಾಣುವುದಿಲ್ಲ, ಕಾಣುವ ನನಗೆ ಬಾಗಿಲು ತಟ್ಟಲು ಬರುವುದಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ಎಂಪರಿವಾಹನ್ ಆ್ಯಪ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಒಳ್ಳೆಯದೇ. ನಂಬರ್ ಹಾಕಿದರೆ ನೋಂದಣಿಯ ದಿನಾಂಕ, ಇಂಧನ, ವಿಮೆ ಮತ್ತು ಎಮಿಷನ್ ಪ್ರಮಾಣಪತ್ರ ಯಾವಾಗಿನವರೆಗೆ ಎಂಬುದು ಕಾಣುತ್ತದೆ. ಎಷ್ಟನೆಯ ಮಾಲೀಕ ಎಂಬ ಸಂಖ್ಯೆ ಆರ್‌ಸಿಯಲ್ಲಿಯೇ ಇದೆ. ಬಾಕಿ ದಂಡವನ್ನು ಇ-ಚಲನ್ ತಾಣದಲ್ಲಿ ನೋಡಬಹುದು. ಕಳವಿನ ಗಾಡಿಯೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ ಸಮನ್ವಯದಲ್ಲಿ ಪರಿಶೀಲಿಸಬಹುದು. ಆದರೆ ಇವೆಲ್ಲ ಇವತ್ತಿನ ಸ್ಥಿತಿ ಹೇಳುತ್ತವೆ. ಈಗ ಬಿಳಿ ಬೋರ್ಡಿನಲ್ಲಿರುವ ಕಾರು ಮೊದಲು ಹಳದಿ ಬೋರ್ಡಿನಲ್ಲಿ ಬಜ್ಪೆ ವಿಮಾನ ನಿಲ್ದಾಣಕ್ಕೂ ಸುಬ್ರಹ್ಮಣ್ಯಕ್ಕೂ ಬಾಡಿಗೆ ಓಡುತ್ತಿತ್ತೇ? ಮೂರು ಮಾಲೀಕರಲ್ಲಿ ಇಬ್ಬರು ಆರೇ ತಿಂಗಳಲ್ಲಿ ಏಕೆ ಕೈಬಿಟ್ಟರು? ಇಂಥ ಪ್ರಶ್ನೆಗೆ ಅಲ್ಲಿ ಉತ್ತರ ಹುಡುಕಿದರೆ ಸಿಗುವುದಿಲ್ಲ.

ಸಾಲದ ನಮೂದಿನ ವಿಷಯದಲ್ಲಿ ನಮ್ಮ ಎರಡು ಜಿಲ್ಲೆಗಳದ್ದೇ ಒಂದು ವಿಶೇಷ ಸಮಸ್ಯೆ ಇದೆ. ಇಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋದವು. ಊರಿನ ಅರ್ಧಕ್ಕರ್ಧ ಕಾರುಗಳಿಗೆ ಸಾಲ ಕೊಟ್ಟವರು ಇವರೇ ಎಂದರೆ ಸ್ವಲ್ಪ ಹೆಚ್ಚಾಯಿತೇನೋ, ಆದರೆ ಹತ್ತಾರು ವರ್ಷ ಹಳೆಯ ಕಾರುಗಳ ಆರ್‌ಸಿಯಲ್ಲಿ ಈ ಹೆಸರುಗಳು ಇನ್ನೂ ಕುಳಿತಿವೆ. ಸಾಲ ಎಂದೋ ತೀರಿದೆ, ಫಾರ್ಮ್ 35 ಕೊಟ್ಟು ಅಡಮಾನದ ನಮೂದು ತೆಗೆಸಿಲ್ಲ. ಮಾರುವಾಗ ಇಲ್ಲದ ಬ್ಯಾಂಕಿನ ಎನ್‌ಒಸಿಗಾಗಿ (ನಿರಾಕ್ಷೇಪಣಾ ಪತ್ರಕ್ಕಾಗಿ) ಇರುವ ಬ್ಯಾಂಕಿನ ಶಾಖೆಗಳನ್ನು ಸುತ್ತಬೇಕು. ಈ ಗೊಂದಲದ ಮರೆಯಲ್ಲಿ ನಿಜವಾಗಿಯೂ ತೀರದ ಸಾಲದ ಕಾರುಗಳೂ ಮಾರಾಟವಾಗುತ್ತವೆ. "ಅದು ಹಳೆಯ ಎಂಟ್ರಿ, ಸಾಲ ಯಾವತ್ತೋ ಮುಗಿದಿದೆ" ಎಂಬ ಒಂದೇ ಮಾತು ಎರಡಕ್ಕೂ ಒಗ್ಗುತ್ತದೆ. ವಿಲೀನವಾದ ಬ್ಯಾಂಕುಗಳ ಹೆಸರಿನ ನಮೂದುಗಳನ್ನು ತೆಗೆಸಲು ಮಂಗಳೂರು ಮತ್ತು ಉಡುಪಿಯಲ್ಲಿ ಬ್ಯಾಂಕಿನವರನ್ನೂ ಕೂರಿಸಿ ಒಂದು ಅದಾಲತ್ ಮಾಡಿ. ಇದಕ್ಕೆ ದೆಹಲಿಯ ಅಪ್ಪಣೆ ಬೇಕಾಗಲಾರದು.

ಇನ್ನು ಮೀಟರಿನ ವಿಷಯ. ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸಲು ಲ್ಯಾಪ್‌ಟಾಪ್ ಮತ್ತು ಒಂದು ವೈರು ಸಾಕು. ಲಕ್ಷ ದಾಟಿದ ಕಾರು ನಲವತ್ತು ಸಾವಿರಕ್ಕೆ ಇಳಿದು ನಿಲ್ಲುತ್ತದೆ. ಕ್ಲಚ್ ಪೆಡಲಿನ ರಬ್ಬರು ಸವೆದು ನುಣುಪಾಗಿರುತ್ತದೆ, ಸ್ಟಿಯರಿಂಗಿನ ಚರ್ಮ ಎದ್ದಿರುತ್ತದೆ, ಮೀಟರು ಮಾತ್ರ ಎಳೆಯದು. ಕಡಿಮೆ ಓಡಿದ ಕಾರುಗಳೇ ಇಲ್ಲವೆಂದಲ್ಲ. ಗಲ್ಫಿನಲ್ಲಿರುವವರ ಕಾರು ವರ್ಷವಿಡೀ ಶೆಡ್ಡಿನಲ್ಲಿ ಮಲಗಿ ರಜೆಯ ತಿಂಗಳಲ್ಲಿ ಮಾತ್ರ ಎದ್ದೇಳುತ್ತದೆ. ಅಂಥದ್ದನ್ನು ಟಯರು ನೋಡಿ ಗುರುತಿಸಬಹುದು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. 2019ರ ಕಾರು, ಹದಿನೈದು ಸಾವಿರ ಕಿಲೋಮೀಟರು, ಅದೇ ವರ್ಷದ ಟಯರು ಎಂದರೆ ಮಾತು ಹೊಂದುತ್ತದೆ, ಟಯರನ್ನು ಮಾತ್ರ ಕೂಡಲೇ ಬದಲಾಯಿಸಬೇಕು. ಅದೇ ಕಿಲೋಮೀಟರಿಗೆ ನಾಲ್ಕೂ ಟಯರು ಹೊಸದಾಗಿದ್ದರೆ ಹಳೆಯವು ಹೇಗೆ ಸವೆದವು ಎಂದು ಕೇಳಬೇಕು.

ಮೀಟರಿನ ಮೋಸಕ್ಕೆ ಮದ್ದು ನಿಮ್ಮ ಕೈಯಲ್ಲಿಯೇ ಇದೆ. ಬಿಎಸ್ 4 ಎಂಬ ಹೊಗೆ ಮಾನದಂಡದ ಮತ್ತು ಅದರ ನಂತರದ ಕಾರುಗಳು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವು ಆರು ತಿಂಗಳಿಗೊಮ್ಮೆ ಎಮಿಷನ್ ಟೆಸ್ಟಿಗೆ ಹೋಗಲೇಬೇಕು. ಆ ಕೇಂದ್ರಗಳಿಗೆ ಪರವಾನಗಿ ಕೊಡುವುದು ನಿಮ್ಮದೇ ಇಲಾಖೆ. ನಂಬರ್ ಪ್ಲೇಟಿನ ಫೋಟೋ ತೆಗೆದು ಅವರು ಈಗಾಗಲೇ ಸರ್ಕಾರದ ಕಂಪ್ಯೂಟರಿಗೆ ಕಳಿಸುತ್ತಾರೆ. ಅದರ ಜೊತೆ ಮೀಟರಿನದ್ದೂ ಒಂದು ಫೋಟೋ ತೆಗೆಯಲಿ, ಅಂಕಿಯನ್ನು ದಾಖಲಿಸಲಿ. ಮಾಲೀಕತ್ವ ವರ್ಗಾವಣೆಯ ಅರ್ಜಿಯಲ್ಲಿಯೂ ಕಿಲೋಮೀಟರಿಗೆ ಒಂದು ಅಂಕಣ ಇರಲಿ. ನಾಲ್ಕು ವರ್ಷ ಕಳೆದರೆ ಮೀಟರು ಹಿಂದೆ ಸರಿದದ್ದು ಶಾಲೆಯ ಮಗುವಿಗೂ ಕಾಣುತ್ತದೆ. ಇದು ಕನಸಿನ ಮಾತೂ ಅಲ್ಲ. ಬ್ರಿಟನ್ನಿನಲ್ಲಿ ವಾರ್ಷಿಕ ತಪಾಸಣೆಯ ಮೀಟರ್ ಅಂಕಿಗಳನ್ನು ನೋಂದಣಿ ಸಂಖ್ಯೆ ಹಾಕಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಬೆಲ್ಜಿಯಂನಲ್ಲಿ 2006ರಿಂದ ಕಾರ್-ಪಾಸ್ ಎಂಬ ಕಿಲೋಮೀಟರ್ ದಾಖಲೆಯಿಲ್ಲದೆ ಹಳೆಯ ಕಾರು ಮಾರುವಂತಿಲ್ಲ.

ಹೊರರಾಜ್ಯದ ಕಾರುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಮೋಸಕ್ಕಿಂತ ಕೊಳ್ಳುವವರ ಆಸೆಯ ಪಾಲೇ ದೊಡ್ಡದು. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇರಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿನ ಹಳೆಯ ದೊಡ್ಡ ಗಾಡಿಗಳು ಅಗ್ಗವಾದವು. ಮುಂಬೈಯ ನಂಟಿನಿಂದ ಬರುವ ಎಂಎಚ್ ಕಾರುಗಳು, ತಲಪಾಡಿ ಗಡಿ ದಾಟಿ ಬರುವ ಕಾಸರಗೋಡಿನ ಕೆಎಲ್ 14 ಕಾರುಗಳು ನಮಗೆ ಹೊಸವಲ್ಲ. 12 ತಿಂಗಳಿಗಿಂತ ಹೆಚ್ಚು ಇಲ್ಲಿಯೇ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಪಡೆಯಬೇಕು, ಮೂಲ ಕಚೇರಿಯ ಎನ್‌ಒಸಿ ಬೇಕು, ಇಲ್ಲಿನ ಜೀವಾವಧಿ ತೆರಿಗೆ ಕಟ್ಟಬೇಕು. ಅಷ್ಟೂ ಕಟ್ಟಿದ ಮೇಲೆ ಅಗ್ಗದ ಕಾರು ಅಗ್ಗವಾಗಿ ಉಳಿಯುವುದಿಲ್ಲ. ಇದನ್ನು ಮೊದಲೇ ಲೆಕ್ಕ ಹಾಕಿ ತೋರಿಸುವ ಮಾರಾಟಗಾರರನ್ನು ನಾನಿನ್ನೂ ಕಂಡಿಲ್ಲ.

ಮಾರಾಟಗಾರರ ವಿಷಯದಲ್ಲಿ ಕಾನೂನು ಬಂದಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರಿನಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ವಾಹನಗಳ ವ್ಯಾಪಾರಿ ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ಐದು ವರ್ಷದ ಅವಧಿ. ಮಾಲೀಕ ಕಾರನ್ನು ಅವನಿಗೆ ಒಪ್ಪಿಸಿದ ಕೂಡಲೇ ಆನ್‌ಲೈನಿನಲ್ಲಿ ತಿಳಿಸಬೇಕು. ಅಲ್ಲಿಂದ ಮುಂದೆ ಕಾನೂನಿನ ಕಣ್ಣಿಗೆ ವ್ಯಾಪಾರಿಯೇ ಮಾಲೀಕ. ಅವನ ಬಳಿ ಇರುವಾಗ ಕಾರು ಎಲ್ಲಿಗೆ, ಯಾಕೆ, ಎಷ್ಟು ಓಡಿತು ಎಂಬ ಎಲೆಕ್ಟ್ರಾನಿಕ್ ದಾಖಲೆಯನ್ನೂ ಅವನು ಇಡಬೇಕು. ಎಷ್ಟು ಚೆನ್ನಾದ ನಿಯಮ! ಹೆದ್ದಾರಿಯ ಬದಿಯಲ್ಲಿ ಶೀಟ್ ಹಾಕಿ ಸಾಲಾಗಿ ಕಾರು ನಿಲ್ಲಿಸಿದವರಲ್ಲಿ ಯಾರ ಬಳಿ ಈ ಪ್ರಮಾಣಪತ್ರ ಇದೆ, ಯಾರ ಬಳಿ ಇಲ್ಲ ಎಂಬುದು ಗ್ರಾಹಕನಿಗೆ ಹೇಗೆ ತಿಳಿಯಬೇಕು? ಒಂದು ಪಟ್ಟಿ ಮಾಡಿ ನಿಮ್ಮ ಕಚೇರಿಯ ಗೋಡೆಗೆ ಅಂಟಿಸಿ, ಪತ್ರಿಕೆಗಳಿಗೂ ಕೊಡಿ. ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರು ನಮ್ಮಲ್ಲಿ ಧಾರಾಳ ಇದ್ದಾರೆ, ಇದರಿಂದ ಮೊದಲ ಲಾಭ ಅವರಿಗೇ. ಈಗ ನಿಜ ಹೇಳಿದವನ ಕಾರಿಗೂ ಸುಳ್ಳು ಹೇಳಿದವನ ಕಾರಿಗೂ ಒಂದೇ ಬೆಲೆ ಸಿಗುತ್ತಿದೆ. ಸಂಶಯದಿಂದ ಗ್ರಾಹಕ ಇಬ್ಬರ ಬಳಿಯೂ ಚೌಕಾಸಿ ಮಾಡುತ್ತಾನೆ.

ಮಾರುವವರಿಗೂ ಒಂದು ಮಾತು ಹೇಳಬೇಕು. ಸಹಿ ಹಾಕಿ ಕೀಲಿ ಕೊಟ್ಟರೆ ಮುಗಿಯಿತು ಎಂದು ತಿಳಿದವರು ಬಹಳ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಮಾರಿದವರು ವರದಿ ಮಾಡಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು ಎನ್ನುತ್ತದೆ ಕಾಯ್ದೆಯ 50ನೇ ಸೆಕ್ಷನ್. ಕಾರು ಎಷ್ಟೇ ಕೈ ದಾಟಿರಲಿ, ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕೊಂಡವರು ವಿಮೆಯನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಲು ಇರುವುದೂ 14 ದಿನಗಳೇ. ಆ ಅವಧಿ ದಾಟಿ ಕಾರು ಗುದ್ದಿದರೆ ಸ್ವಂತ ಹಾನಿಯ ಕ್ಲೇಮಿಗೆ ನನ್ನಂಥ ಏಜೆಂಟ್ ಎಷ್ಟು ಓಡಾಡಿದರೂ ಉಪಯೋಗವಿಲ್ಲ.

ಮುಖ್ಯ ಬೇಡಿಕೆಗೆ ಬರುತ್ತೇನೆ. ಕಾರಿನ ಮಾಲೀಕನ ಮೊಬೈಲಿಗೆ ಬರುವ ಒಟಿಪಿ ಕೊಟ್ಟರೆ ಒಂದೇ ಹಾಳೆಯಲ್ಲಿ ಎಲ್ಲವೂ ಬರುವಂತಾಗಲಿ. ಮಾಲೀಕರ ಹೆಸರು ಬೇಡ, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಷ್ಟನೆಯವರು, ಯಾವ ಕಚೇರಿಯ ನೋಂದಣಿ ಎಂದಿದ್ದರೆ ಸಾಕು. ಹಳದಿ ಬೋರ್ಡಿನಿಂದ ಬಿಳಿಗೆ ಬಂದದ್ದು, ಅಡಮಾನ ಸೇರಿದ್ದು ತೀರಿದ್ದು, ಟೋಟಲ್ ಲಾಸ್ ಆಗಿದ್ದರೆ ಅದು, ಎಮಿಷನ್ ಕೇಂದ್ರದಲ್ಲಿ ದಾಖಲಾದ ಕಿಲೋಮೀಟರುಗಳು. ಖಾಸಗಿತನದ ಪ್ರಶ್ನೆ ಬರುತ್ತದೆ, ಬರಬೇಕಾದದ್ದೇ. ಬೀದಿಯಲ್ಲಿ ಹೋಗುವ ಕಾರಿನ ನಂಬರ್ ಹಾಕಿ ಯಾರೋ ಮಾಲೀಕನ ಹೆಸರು ತಿಳಿಯುವಂತಿರಬಾರದು ಎಂದು ಈಗ ಹೆಸರಿನ ಅಕ್ಷರಗಳನ್ನು ಮರೆಮಾಡುತ್ತಿರುವುದು ಸರಿಯೇ. ಒಟಿಪಿ ಕೇಳುವುದು ಅದಕ್ಕಾಗಿಯೇ. ಮಾರಲು ಬಂದವರು ತಾವಾಗಿ ತೋರಿಸಲಿ. ತೋರಿಸಲು ಒಪ್ಪದಿದ್ದರೆ ಕೊಳ್ಳುವವನಿಗೆ ಆ ನಿರಾಕರಣೆಯೇ ಒಂದು ಮಾಹಿತಿ.

ಈ ಹಾಳೆ ಮಂಗಳೂರಿನಿಂದಲೋ ಉಡುಪಿಯಿಂದಲೋ ಹೊರಡುವಂಥದ್ದಲ್ಲ, ಕೇಂದ್ರ ಸಾರಿಗೆ ಸಚಿವಾಲಯವೂ ವಿಮಾ ನಿಯಂತ್ರಣ ಪ್ರಾಧಿಕಾರವೂ ಕೂಡಿ ಮಾಡಬೇಕಾದದ್ದು ಎಂದು ಬಲ್ಲೆ. ನಿಮ್ಮ ಶಿಫಾರಸು ಮೇಲಕ್ಕೆ ಹೋಗಲಿ. ಆದರೆ ವ್ಯಾಪಾರಿಗಳ ಪಟ್ಟಿ, ವಿಲೀನವಾದ ಬ್ಯಾಂಕುಗಳ ಅದಾಲತ್ ಮತ್ತು ಕೌಂಟರಿನ ಬಳಿ ಕನ್ನಡದಲ್ಲಿ ಒಂದು ಫಲಕಕ್ಕೆ ಯಾರನ್ನೂ ಕಾಯಬೇಕಾಗಿಲ್ಲ. ಕಾರು ಕೊಳ್ಳುವ ಮೊದಲು ಏನೇನು ನೋಡಬೇಕು, ಚಾಸಿ ನಂಬರಿನ ಪೆನ್ಸಿಲ್ ಅಚ್ಚನ್ನು ಆರ್‌ಸಿಯ ಜೊತೆ ಹೇಗೆ ಹೋಲಿಸಬೇಕು, ಯಾವ ಕಾಗದವಿಲ್ಲದೆ ಹಣ ಕೊಡಬಾರದು ಎಂದು ಆ ಫಲಕದಲ್ಲಿ ಇರಲಿ. ಬರೆದುಕೊಡಲು ನಾನು ಸಿದ್ಧ, ಸಂಭಾವನೆ ಬೇಡ. ಬೇಸಗೆ ರಜೆಗೆ ಗಲ್ಫಿನವರು ಊರಿಗೆ ಬರುವಾಗ, ಮದುವೆಯ ಹಂಗಾಮಿನಲ್ಲಿ ಹಳೆಯ ಕಾರಿನ ವ್ಯಾಪಾರ ಬಿರುಸಾಗುತ್ತದೆ. ಪಟ್ಟಿಯೂ ಫಲಕವೂ ಬರುವ ಮಾರ್ಚಿನ ಒಳಗೆ ಸಿದ್ಧವಾದರೆ ಈ ಸಲದವರಿಗೇ ಉಪಯೋಗವಾಗುತ್ತದೆ.

ಇತಿ,
ಉಡುಪಿಯ ಒಬ್ಬ ವಾಹನ ವಿಮಾ ಏಜೆಂಟ್